ನೀಲಿ ತಟ್ಟೆಯ ಚೌಕ

ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ ಹನ್ನೊಂದು ವರ್ಷ ಇದ್ದೆ. ‘ಡೆಟ್ರಾಯ್ಟ್ ಸ್ಟೈಲ್ ಪಿಜ್ಜಾ’ ಎಂಬ ಮಾತು ಅಲ್ಲಿದ್ದಷ್ಟು ದಿನ ಕಿವಿಗೆ ಬೀಳಲೇ ಇಲ್ಲ. ಕಾರಿನ ಬಿಡಿಭಾಗಗಳ ನಡುವೆ ದುಡಿಯುತ್ತಿದ್ದ ನಾವು ಶುಕ್ರವಾರ ಸಂಜೆ ತರಿಸುತ್ತಿದ್ದದ್ದು ಬರೀ ‘ಸ್ಕ್ವೇರ್’. ನಮ್ಮ ದಾವಣಗೆರೆಯ ಹೋಟೆಲಿನಲ್ಲಿ ಕೂತು ಯಾರಾದರೂ ‘ಒಂದು ದಾವಣಗೆರೆ ಬೆಣ್ಣೆ ದೋಸೆ’ ಅಂತಾರೆಯೇ? ತಿಂಡಿಗೆ ಊರಿನ ಹೆಸರು ಅಂಟುವುದು ಅದು ಊರು ಬಿಟ್ಟ ಮೇಲೆ. ಡಲ್ಲಾಸ್‌ಗೆ ಬಂದ ಮೇಲೆ ನನಗೂ ಆ ಹೆಸರು ಹಿಡಿದು ಹುಡುಕಬೇಕಾಯಿತು.

ಅದರ ಹುಟ್ಟು 1946ರಲ್ಲಿ, ಡೆಟ್ರಾಯ್ಟ್‌ನ ಸಿಕ್ಸ್ ಮೈಲ್ ಮತ್ತು ಕಾನಂಟ್ ರಸ್ತೆಗಳು ಕೂಡುವಲ್ಲಿದ್ದ ‘ಬಡ್ಡೀಸ್’ ಎಂಬ ಬಾರಿನಲ್ಲಿ. ಮಾಲೀಕ ಗಸ್ ಗೆರಾ. ಹಿಟ್ಟಿನ ಹದ ಅವನ ಹೆಂಡತಿಯ ಕಡೆಯ ಸಿಸಿಲಿ ಮನೆಯಡುಗೆಯದು. ಬೇಯಿಸಿದ್ದು ಮಾತ್ರ ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಹಾಕಿಡುವ ನೀಲಿ ಉಕ್ಕಿನ ತಟ್ಟೆಯಲ್ಲಿ ಎಂದು ಅಲ್ಲಿನವರು ಹೇಳುತ್ತಾರೆ. ತಟ್ಟೆ ಕಾರ್ಖಾನೆಯಿಂದ ಬಾರಿಗೆ ಹೇಗೆ ಬಂತು ಎಂದು ನಾನು ಹೆಚ್ಚು ಕೆದಕುವುದಿಲ್ಲ. ನಮ್ಮ ಮನೆಯಲ್ಲೂ ಅಂಥ ಎರಡು ಸ್ಪ್ಯಾನರ್ ಇವೆ.

ಆ ತಟ್ಟೆಯ ಗೋಡೆ ಎತ್ತರ, ಉಕ್ಕು ದಪ್ಪ. ಚೀಸನ್ನು ಗೋಡೆಗೆ ತಾಗುವವರೆಗೂ ಹರಡುತ್ತಾರೆ, ಟೊಮೆಟೊ ಸಾಸು ಎಲ್ಲಕ್ಕಿಂತ ಮೇಲೆ. ಕರಗಿದ ಚೀಸು ಗೋಡೆಗಂಟಿ ಕಂದುಗಟ್ಟಿ, ಅಂಚಿನ ಸುತ್ತ ಗರಿಗರಿ ಜಾಲರಿಯಾಗುತ್ತದೆ. ಇದಕ್ಕೆ ಮೊಜರೆಲಾ ಸಾಲದು, ಜಿಡ್ಡು ಹೆಚ್ಚಿರುವ ‘ಬ್ರಿಕ್’ ಬೇಕು. ಸ್ವಿಟ್ಜರ್ಲೆಂಡಿನಿಂದ ವಿಸ್ಕಾನ್ಸಿನ್‌ಗೆ ವಲಸೆ ಬಂದ ಜಾನ್ ಜೋಸ್ಸಿ 1877ರಲ್ಲಿ ಮಾಡಿದ ಚೀಸು ಅದು. ನೀರು ಬಸಿಯಲು ಮೇಲೆ ಇಟ್ಟಿಗೆ ಹೇರುತ್ತಿದ್ದರು. ವಿಸ್ಕಾನ್ಸಿನ್ ದಾಟಿದರೆ ಅದು ಅಂಗಡಿಗಳಲ್ಲಿ ಸಿಗುವುದು ಅಪರೂಪ.

1953ರಲ್ಲಿ ಗೆರಾ ಬಡ್ಡೀಸನ್ನು ಮಾರಿ, ‘ಕ್ಲೋವರ್‌ಲೀಫ್’ ಕೊಂಡ. ಚೌಕ ಹೀಗೆ ಅಂಗಡಿಯಿಂದ ಅಂಗಡಿಗೆ ಹೋಯಿತೇ ಹೊರತು ಊರು ದಾಟಿ ಹೋದದ್ದು ಕಡಿಮೆ. ತಮಾಷೆ ನೋಡಿ: 1960ರಲ್ಲಿ ಅಲ್ಲೇ ಹತ್ತಿರದ ಇಪ್ಸಿಲಾಂಟಿಯಲ್ಲಿ ಹುಟ್ಟಿದ ಡಾಮಿನೋಸ್ ಬೆಂಗಳೂರಿನ ಬಡಾವಣೆಗಳನ್ನೆಲ್ಲ ಹೊಕ್ಕಿತು, ಗುಂಡಗೆ. ಚೌಕದ ಹೆಸರು ದೇಶದ ಬಾಯಿಗೆ ಬಿದ್ದದ್ದು 2012ರಲ್ಲಿ, ಕ್ಲೋವರ್‌ಲೀಫ್‌ನಲ್ಲಿ ಪಳಗಿದ ಶಾನ್ ರಾಂಡಾಜೊ ಲಾಸ್ ವೇಗಸ್‌ನ ಸ್ಪರ್ಧೆ ಗೆದ್ದ ಮೇಲೆ. 2021ರಲ್ಲಿ ಪಿಜ್ಜಾ ಹಟ್ ಕೂಡ ಆ ಹೆಸರಿನದೊಂದನ್ನು ತಂದಿತು.

ಡಲ್ಲಾಸ್‌ನಲ್ಲಿ ಮೊದಲು ಸಿಕ್ಕ ಅಂಗಡಿಯ ಬೋರ್ಡಿನ ಮೇಲೆ ಡೆಟ್ರಾಯ್ಟ್ ಇತ್ತು, ಚೌಕವೂ ಇತ್ತು. ಅಂಚು ಮಾತ್ರ ಬನ್ನಿನ ಹಾಗೆ ಬೆಳ್ಳಗೆ, ಮೆತ್ತಗೆ. ಯಾವ ಚೀಸು ಅಂದೆ. ‘ಮೊಜರೆಲಾ, ಇನ್ನೇನು’ ಅಂದ ಹುಡುಗ. ಇನ್ನೆರಡು ಅಂಗಡಿಗಳಲ್ಲೂ ಅದೇ ಕಥೆ. ಕೊನೆಗೆ ತಟ್ಟೆ ತರಿಸಿದೆ. ವಿಸ್ಕಾನ್ಸಿನ್‌ನಿಂದ ಐಸ್‌ನಲ್ಲಿಟ್ಟು ಬಂದ ಚೀಸಿಗಿಂತ ಅದರ ಸಾಗಣೆಗೇ ಹೆಚ್ಚು ತೆತ್ತೆ.

ಆಗ ಅಮ್ಮ ಬಂದಿದ್ದರು. ಸಿಂಕಿನ ಮುಂದೆ ತಟ್ಟೆ ಹಿಡಿದು ನಿಂತ ನನ್ನ ಕೈಯಿಂದ ಕಸಿದುಕೊಂಡು, “ಸೋಪು ಹಾಕ್ಬ್ಯಾಡ. ಎಣ್ಣೆ ಸವರಿ ಇಡು, ಕಾವಲಿ ಪಳಗ್ಬೇಕಲ್ಲ” ಅಂದರು. ಪಿಜ್ಜಾ ಅವರಿಗೆ ಸೇರುವುದಿಲ್ಲ. ಆದರೂ ಒಂದು ಮೂಲೆಯ ತುಂಡು ತೆಗೆದುಕೊಂಡು, ಸಾಸನ್ನು ಚಮಚದಿಂದ ಬದಿಗೆ ಸರಿಸಿ, ಕಪ್ಪಂಚು ಮುರಿದು ಬಾಯಿಗಿಟ್ಟರು.

“ತುಪ್ಪ ಕಾಸಿದ ಗಸಿ ಇದ್ದಂಗೈತಿ,” ಅಂದು ಇನ್ನೊಂದು ಮೂಲೆಗೆ ಕೈ ಹಾಕಿದರು.