ಕಪಿಲೆಯ ದಂಡೆಯ ದಾರಿ: ನಂಜನಗೂಡಿನಿಂದ ಸುತ್ತೂರಿಗೆ ಒಂದು ದಿನದ ಪಾದಯಾತ್ರೆ

ಶರಣರು ತೀರ್ಥಯಾತ್ರೆಯನ್ನು ಕೊಂಡಾಡಿದವರಲ್ಲ. ಹೊಳೆಯಲ್ಲಿ ಮಿಂದ ಮಾತ್ರಕ್ಕೆ ಅಂತರಂಗ ಶುದ್ಧವಾಗುವುದೆಂಬುದನ್ನು ಬಸವಣ್ಣನವರು ಒಪ್ಪಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿರುವ ಭಕ್ತನಿಗೆ ದೂರದ ಕ್ಷೇತ್ರದ ಹಂಗೇಕೆ ಎಂಬ ಪ್ರಶ್ನೆ ವಚನಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಆದರೂ ಶರಣರಷ್ಟು ನಡೆದವರು ವಿರಳ. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದರು. ಜಂಗಮವೆಂಬ ಶಬ್ದದಲ್ಲಿಯೇ ಚಲನೆಯಿದೆ. ಆದ್ದರಿಂದ ಲಿಂಗವಂತ ಭಕ್ತರ ಪಾದಯಾತ್ರೆಯನ್ನು ಪುಣ್ಯಗಳಿಕೆಯ ಲೆಕ್ಕದಲ್ಲಿ ಇಡಬೇಕಾಗಿಲ್ಲ. ಹಿಂದಿನವರು ಯಾವ ನೆಲವನ್ನು ತುಳಿದು, ಯಾವ ನೀರನ್ನು ಕುಡಿದು ಮಠಕ್ಕೆ ಬಂದರೋ ಅದನ್ನು ಕಾಲಿನಿಂದಲೇ ತಿಳಿಯುವುದು ಅದರ ಪ್ರಯೋಜನ.

ಅಂತಹ ದಾರಿಯೊಂದು ಮೈಸೂರು ಜಿಲ್ಲೆಯ ನಂಜನಗೂಡಿನಿಂದ ಹೊರಟು ಸುತ್ತೂರಿನ ಮೂಲಕ ತಿರುಮಕೂಡಲು ನರಸೀಪುರವನ್ನು ಸೇರುತ್ತದೆ. ಮೂರೂ ಸ್ಥಳಗಳನ್ನು ಪೋಣಿಸಿರುವುದು ಕಪಿಲಾ ನದಿ. ಒಂದೇ ದಿನದಲ್ಲಿ ನಂಜನಗೂಡಿನಿಂದ ಸಂಗಮದವರೆಗೆ ನಡೆಯಬೇಕೆಂಬ ಹುರುಪು ಹಲವರಿಗಿರುತ್ತದೆ. ಅದು ಇಪ್ಪತ್ತೈದು ಕಿಲೋಮೀಟರನ್ನು ಮೀರುವ ನಡಿಗೆ. ಗೃಹಸ್ಥರು, ವಯಸ್ಸಾದವರು, ಮಕ್ಕಳು ಕೂಡಿರುವ ತಂಡಕ್ಕೆ ಅದು ಹಿತವಲ್ಲ. ನಂಜನಗೂಡಿನಿಂದ ಸುತ್ತೂರು ಇಪ್ಪತ್ತು ಕಿಲೋಮೀಟರಿನೊಳಗಿದ್ದು, ಏರುತಗ್ಗು ಹೆಚ್ಚಿಲ್ಲದ ಬತ್ತ ಕಬ್ಬುಗಳ ಬಯಲಿನಲ್ಲಿ ಸಾಗುವುದರಿಂದ ಒಂದು ದಿನಕ್ಕೆ ಅದೇ ತಕ್ಕ ಪ್ರಮಾಣ. ನದಿಯು ಬಳುಕುತ್ತ ಹರಿಯುವ ಕಾರಣ ದಂಡೆಯನ್ನೇ ಹಿಡಿದು ಹೋಗುವ ಹಟ ಬೇಡ. ಊರಿಂದೂರಿಗೆ ಹೋಗುವ ದಾರಿಯಲ್ಲಿ ನಡೆದು, ನದಿ ಸಮೀಪಿಸಿದಲ್ಲಿ ಕಂಡರಾಯಿತು.

ನಂಜನಗೂಡಿನಲ್ಲಿ ಹಿಂದಿನ ಸಂಜೆಯೇ ಬಂದು ತಂಗುವುದು ಲೇಸು. ಗುಂಡ್ಲುಹೊಳೆ, ಅರ್ಥಾತ್ ಕೌಂಡಿನ್ಯಾ ನದಿ, ಕಪಿಲೆಯನ್ನು ಕೂಡುವುದು ಇಲ್ಲಿಯೇ. ಶ್ರೀಕಂಠೇಶ್ವರ ದೇವಾಲಯದ ಮಹಾದ್ವಾರ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ೧೮೪೫ರಲ್ಲಿ ಕಟ್ಟಿಸಿದರು. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿಯ ಹರಕೆಯಿಂದ ಗುಣವಾಯಿತೆಂದೂ, ಆತ ಪಚ್ಚೆಯ ಲಿಂಗವನ್ನೊಪ್ಪಿಸಿ ನಂಜುಂಡನನ್ನು ಹಕೀಮನೆಂದು ಕರೆದನೆಂದೂ ಪ್ರತೀತಿಯಿದೆ. ಇವೆಲ್ಲ ಬಹುಜನರಿಗೆ ತಿಳಿದ ಮಾತು. ವಚನ ಓದುವವರು ವಿಶೇಷವಾಗಿ ಗಮನಿಸಬೇಕಾದುದು ಒಳಗಿನ ಕೈಸಾಲೆಯಲ್ಲಿರುವ ಅರುವತ್ತುಮೂವರು ಪುರಾತನರ ಶಿಲಾಮೂರ್ತಿಗಳ ಸಾಲನ್ನು. ಬಸವಣ್ಣನವರು ತಮ್ಮ ಬಂಧುಗಳೆಂದು ಬಗೆದ ಆ ಹಳೆಯ ಭಕ್ತರಲ್ಲಿ ಬೇಡನಿದ್ದಾನೆ, ಮಡಿವಾಳನಿದ್ದಾನೆ, ಕುಂಬಾರನಿದ್ದಾನೆ. ಉತ್ಸವದ ಗದ್ದಲದಲ್ಲಿ ಈ ಸಾಲಿನ ಮುಂದೆ ನಿಲ್ಲುವವರು ಕಡಿಮೆ. ಊರ ಹೊರಗೆ ದಳವಾಯಿ ದೇವರಾಜಯ್ಯನ ಕಾಲದಲ್ಲಿ, ೧೭೩೫ರಲ್ಲಿ, ಕಪಿಲೆಗೆ ಕಟ್ಟಿದ ಹಳೆಯ ಸೇತುವೆಯಿದೆ. ಕಾಲ್ನಡೆಯವರಿಗೂ ಎತ್ತಿನ ಗಾಡಿಗಳಿಗೂ ದಾರಿಯಾಗಿದ್ದ ಈ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ಹೊಸ ಸೇತುವೆ ಬಂದ ಮೇಲೆ ಅದು ವಿಶ್ರಾಂತಿ ಪಡೆದಿದೆ.

ಈ ನಡಿಗೆಯ ಗುರಿ ಸುತ್ತೂರು. ಶ್ರೀಮಠದ ಪರಂಪರೆ ಹೇಳುವ ಪ್ರಕಾರ, ಚೋಳ ರಾಜರಾಜನೂ ಗಂಗ ರಾಚಮಲ್ಲನೂ ಕಪಿಲೆಯ ದಡದಲ್ಲಿ ಸೈನ್ಯಗಳೊಡನೆ ಎದುರುಬದುರಾದಾಗ ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳು ನಡುವೆ ಬಂದು ಯುದ್ಧವನ್ನು ತಪ್ಪಿಸಿದರು. ಅರಸರ ಪ್ರಾರ್ಥನೆಯಂತೆ ಅಲ್ಲಿಯೇ ಮಠ ನೆಲೆಯಾಯಿತು. ರಾಜರಾಜ ಪಟ್ಟಕ್ಕೆ ಬಂದುದು ೯೮೫ರಲ್ಲಿ. ಗಂಗರ ತಲಕಾಡು ಚೋಳರ ಕೈವಶವಾದುದು ೧೦೦೪ರ ವೇಳೆಗೆ. ಈ ಸಂಧಾನ ನಡೆದಿದ್ದರೆ ಅದು ಈ ಎರಡು ವರ್ಷಗಳ ನಡುವಿನ ಮಾತಾಗಬೇಕು, ಮತ್ತು ಅದು ತಂದ ಶಾಂತಿ ಬಹುಕಾಲ ಬಾಳಲಿಲ್ಲವೆಂದೂ ಒಪ್ಪಬೇಕು. ತಲಕಾಡು ಇಲ್ಲಿಂದ ಹೆಚ್ಚು ದೂರವೇನೂ ಅಲ್ಲ. ಅರಸರು ಮಾತಿಗೆ ತಪ್ಪಿದರೂ ಮಠ ಉಳಿಯಿತೆಂಬುದು ಭಕ್ತರಿಗೆ ನೋವಿನ ಸಂಗತಿಯೂ ಹೌದು, ಸಮಾಧಾನದ ಸಂಗತಿಯೂ ಹೌದು.

ಇನ್ನೊಂದು ವಿಚಾರವೂ ಉಂಟು. ಈ ಕಾಲಗಣನೆಯಂತೆ ಆದಿ ಜಗದ್ಗುರುಗಳು ಕಲ್ಯಾಣದ ಶರಣರಿಗಿಂತ ಒಂದೂವರೆ ಶತಮಾನದಷ್ಟು ಹಿಂದಿನವರು. ಹಾಗಾದರೆ ವಚನಧರ್ಮ ಸುತ್ತೂರಿಗೆ ತರುವಾಯ ನಡೆದು ಬಂದಿತು. ಅದು ಇಲ್ಲಿ ಎಷ್ಟು ಆಳವಾಗಿ ಬೇರೂರಿತೆಂಬುದಕ್ಕೆ ಘನಲಿಂಗಿದೇವರೇ ನಿದರ್ಶನ. ಸುತ್ತೂರು ಸಿಂಹಾಸನದ ಸಂಪ್ರದಾಯಕ್ಕೆ ಸೇರಿದ ಇವರು ತೋಂಟದ ಸಿದ್ಧಲಿಂಗೇಶ್ವರರ ಶಿಷ್ಯರಾಗಿ, ಘನಲಿಂಗಿಯ ಮೋಹದ ಚೆನ್ನಮಲ್ಲಿಕಾರ್ಜುನನ ಅಂಕಿತದಲ್ಲಿ ಶರಣಸತಿ ಲಿಂಗಪತಿ ಭಾವದ ವಚನಗಳನ್ನು ಬರೆದರು. ಕಪಿಲೆಯ ದಂಡೆಯ ಪರಂಪರೆಯೊಂದು ತುಮಕೂರು ಸೀಮೆಯ ಕಗ್ಗೆರೆಯವರೆಗೆ ಕೈಚಾಚಿದುದು ನಡೆದೇ ಹೊರತು ಬೇರಾವ ರೀತಿಯಿಂದಲೂ ಅಲ್ಲ.

ಜನಪದರ ನೆನಪು ಮತ್ತೊಂದು ಬಗೆ. ಕಂಸಾಳೆಯವರು ಹಾಡುವ ಕಾವ್ಯದಲ್ಲಿ ಮಲೆಯ ಮಹದೇಶ್ವರರು ಉತ್ತರದಿಂದ ಬಂದು ಮೊದಲು ಸುತ್ತೂರು ಮಠವನ್ನು ಸೇರಿ ರಾಗಿ ಬೀಸುತ್ತಾರೆ. ಬಳಿಕ ಕುಂತೂರು ಮಠಕ್ಕೆ, ಅಲ್ಲಿಂದ ಏಳುಮಲೆಗೆ ಸಾಗುತ್ತಾರೆ. ಮುಂದೆ ದೇವರಾಗಿ ಪೂಜೆಗೊಂಡವರಿಗೆ ಮಠ ಕೊಟ್ಟ ಮೊದಲ ಕೆಲಸ ಬೀಸುಕಲ್ಲಿನದು! ಬೀಸುವವರಿಲ್ಲದೆ ದಾಸೋಹವಿಲ್ಲ, ದಾಸೋಹವಿಲ್ಲದೆ ಈ ದಾರಿಯಲ್ಲಿ ಬುತ್ತಿ ತೀರಿದ ಬಡವನಿಗೆ ಗತಿಯಿಲ್ಲ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ೧೯೪೧ರಲ್ಲಿ ಮೈಸೂರಿನಲ್ಲಿ ಹಳ್ಳಿಯ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ತೆರೆದರು. ೧೯೫೪ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಸ್ಥಾಪನೆಯಾಯಿತು. ಆ ಕಾರ್ಯದ ಬೇರನ್ನು ಹುಡುಕುವವರು ಈ ಬೀಸುಕಲ್ಲಿನ ಕಥೆಯನ್ನು ಮರೆಯಬಾರದು.

ಇನ್ನು ನಡಿಗೆಯ ಸಿದ್ಧತೆ. ದೀಪಾವಳಿಯಿಂದ ಮಹಾಶಿವರಾತ್ರಿಯವರೆಗಿನ ಅವಧಿ ಉತ್ತಮ. ಮಳೆಗಾಲದಲ್ಲಿ ಈ ದಾರಿ ಬೇಡ. ೧೯೭೪ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ ತುಂಬಿ ನೀರು ಬಿಟ್ಟಾಗ ನಂಜನಗೂಡಿನ ಸ್ನಾನಘಟ್ಟ, ಹದಿನಾರು ಕಾಲು ಮಂಟಪಗಳು ಮುಳುಗುತ್ತವೆ; ೨೦೧೮ ಮತ್ತು ೨೦೧೯ರಲ್ಲಿ ಬಡಾವಣೆಗಳಿಗೂ ನೀರು ನುಗ್ಗಿತು. ಪುಷ್ಯ ಬಹುಳದ ಕೊನೆಯಲ್ಲಿ ಸುತ್ತೂರು ಜಾತ್ರೆ ಆರು ದಿನ ನಡೆಯುತ್ತದೆ. ಆಗ ದಾರಿಯಲ್ಲಿ ಜೊತೆಗಾರರಿಗೆ ಕೊರತೆಯಿಲ್ಲ, ವಾಹನಗಳಿಗೂ ಕೊರತೆಯಿಲ್ಲ. ಗದ್ದಿಗೆಯ ಮುಂದೆ ಸಾವಧಾನವಾಗಿ ಕುಳಿತುಕೊಳ್ಳಬಯಸುವವರು ಬೇರೆ ದಿನವನ್ನು ಆರಿಸಿಕೊಳ್ಳುವುದು ಮೇಲು.

ಹಿಂದಿನವರು ಬೆಳಗಿನ ಜಾವ ನಾಲ್ಕಕ್ಕೇ ಹೊರಡುತ್ತಿದ್ದರು. ಇಂದು ಆ ಪದ್ಧತಿಯನ್ನು ಕೈಬಿಡಲೇಬೇಕು. ೨೦೨೨ರ ಅಕ್ಟೋಬರ್ ಕೊನೆಯಿಂದ ೨೦೨೩ರ ಜನವರಿಯೊಳಗೆ ತಿ.ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಮೊದಲನೆಯವನು ಉಕ್ಕಲಗೆರೆಯ ಮಲ್ಲಿಕಾರ್ಜುನಸ್ವಾಮಿ ಬೆಟ್ಟಕ್ಕೆ ಹೋಗಿದ್ದ ವಿದ್ಯಾರ್ಥಿ; ಕೊನೆಯವನು ಹನ್ನೊಂದು ವರ್ಷದ ಬಾಲಕ. ಆಳೆತ್ತರದ ಕಬ್ಬಿನ ಗದ್ದೆಗಳ ನಡುವೆ ಕತ್ತಲಲ್ಲಿ ಭಜನೆ ಮಾಡುತ್ತ ಸಾಗುವುದು ಭಕ್ತಿಯೆನಿಸಬಹುದು, ವಿವೇಕವಲ್ಲ. ಸೂರ್ಯೋದಯದ ಬಳಿಕ ಆರೂವರೆಗೆ ಹೊರಟರೆ, ಗಂಟೆಗೆ ಮೂರು ನಾಲ್ಕು ಕಿಲೋಮೀಟರಿನ ನಡಿಗೆಯಲ್ಲಿ ಹತ್ತು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ದಾರಿ ಸವೆಯುತ್ತದೆ. ಬಿಸಿಲೇರಿದಾಗ ಯಾವುದಾದರೂ ಊರಿನ ಗುಡಿಯ ಜಗಲಿಯಲ್ಲಿ ಬುತ್ತಿ ಬಿಚ್ಚಿ, ಮಧ್ಯಾಹ್ನ ಮೂರೂವರೆಗೆ ಮತ್ತೆ ಹೊರಟರೆ ಕತ್ತಲಾಗುವ ಮುನ್ನವೇ ಸುತ್ತೂರು. ಮಕ್ಕಳು ತಂಡದ ನಡುವೆಯೇ ಇರಲಿ. ಬರಿಗಾಲಿನ ಹರಕೆ ಹೊತ್ತವರು ಮಣ್ಣಿನ ದಾರಿಯಿರುವಷ್ಟು ದೂರ ಅದನ್ನು ಸಲ್ಲಿಸಿ, ಡಾಂಬರು ರಸ್ತೆಯಲ್ಲಿ ಮೆಟ್ಟು ಮೆಟ್ಟಿದರೆ ದೋಷವಿಲ್ಲ. ಕಬ್ಬು ತುಂಬಿದ ಟ್ರಾಕ್ಟರುಗಳು ಎದುರಾದಾಗ ಒಬ್ಬರ ಹಿಂದೊಬ್ಬರಂತೆ ರಸ್ತೆಯ ಬಲಬದಿಯಲ್ಲಿ ನಡೆಯಬೇಕು. ಕುಡಿಯುವ ನೀರನ್ನು ಹೊತ್ತೊಯ್ಯಬೇಕು. ನದಿಯ ನೀರು ಕಣ್ಣಿಗೆ ತಿಳಿಯೆಂದು ಕುಡಿಯುವ ಕಾಲ ಕಳೆದುಹೋಗಿದೆ.

ಕಪಿಲೆಯ ದಡದಲ್ಲಿರುವ ಕರ್ತೃಗದ್ದಿಗೆಯ ದರ್ಶನದೊಡನೆ ದಿನ ಮುಗಿಯುತ್ತದೆ. ಕಾಲಿನಲ್ಲಿ ಕಸುವು ಉಳಿದವರು ಮರುದಿನ ತಿ.ನರಸೀಪುರದ ಕಡೆಗೆ ನಡೆಯಬಹುದು. ಅಲ್ಲಿ ಗುಂಜಾ ನರಸಿಂಹಸ್ವಾಮಿ ಗುಡಿಯಿದೆ, ಕಾವೇರಿ ಕಪಿಲೆಗಳ ಜೊತೆಗೆ ಗುಪ್ತವಾದ ಸ್ಫಟಿಕ ಸರೋವರವೂ ಕೂಡುವುದೆಂಬ ನಂಬಿಕೆಯ ತ್ರಿವೇಣಿ ಸಂಗಮವಿದೆ, ಆಚೆಯ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರನಿದ್ದಾನೆ. ೧೯೮೯ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲಿ ಆರಂಭವಾದ ಇಲ್ಲಿಯ ಕುಂಭಮೇಳ ೨೦೨೫ರ ಫೆಬ್ರವರಿ ೧೦ರಿಂದ ೧೨ರವರೆಗೆ ನಡೆಯಿತು. ಸಂಗಮದಲ್ಲಿ ಸುಳಿಗಳುಂಟು, ಮೆಟ್ಟಿಲು ಬಿಟ್ಟು ಆಳಕ್ಕೆ ಇಳಿಯಬಾರದು. ಅಲ್ಲಿಂದ ಮೈಸೂರಿಗೆ ಹಿಂದಿರುಗಲು ದಿನವಿಡೀ ಬಸ್ಸುಗಳಿವೆ.