ಜೋಡುನಳಿಗೆ ಕೋವಿ: ಶಿಕಾರಿಪುರ–ಸೊರಬ ಸೀಮೆಯ ಹಳೆಯ ಕೋವಿಗಳು ಮತ್ತು ತಯಾರಕರ ಪತ್ತೆ

ಜೋಡುನಳಿಗೆ ಕೋವಿ: ಎರಡು ನಳಿಗೆಗಳನ್ನು ಅಕ್ಕಪಕ್ಕ ಬೆಸೆದು, ಒಂದರ ಹಿಂದೊಂದು ಎರಡು ಈಡು ಹಾರಿಸಲು ಬರುವಂತೆ ಮಾಡಿದ ಚರೆಕೋವಿ. ಪರವಾನಗಿ ಪುಸ್ತಕದಲ್ಲಿ ಇದರ ಹೆಸರು ಡಿಬಿಬಿಎಲ್; ಒಂಟಿ ನಳಿಗೆಯದು ಎಸ್‌ಬಿಬಿಎಲ್; ಬಾಯಿಂದ ಮದ್ದು ಜಡಿಯುವ ಹಳೆಯ ಬಗೆ ಎಸ್‌ಬಿಎಂಎಲ್. ಮಲೆನಾಡಿನವರು ಇಷ್ಟೊಂದು ಅಕ್ಷರಗಳ ಗೋಜಿಗೆ ಹೋಗದೆ ತೋಟಾಕೋವಿ, ಕೇಪಿನ ಕೋವಿ ಎಂದು ಎರಡೇ ಜಾತಿ ಮಾಡಿಕೊಂಡಿದ್ದಾರೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಂಥ ಕಡೆ ಹಂದಿ, ಮಂಗಗಳಿಂದ ಗದ್ದೆ ತೋಟ ಕಾಯಲು ಪಡೆದ ಬೆಳೆರಕ್ಷಣೆಯ ಪರವಾನಗಿಯ ಮೇಲೆ ಇಂಥ ಕೋವಿಗಳು ತಲೆಮಾರಿನಿಂದ ತಲೆಮಾರಿಗೆ ಬಂದಿವೆ. ಅಜ್ಜನ ಕಾಲದ ಕೋವಿಯನ್ನು ಯಾವ ಊರಿನ ಯಾವ ಕಮ್ಮಾರ ಮಾಡಿದ ಎಂದು ಕೇಳಿದರೆ ಮನೆಯವರು ನಳಿಗೆಯ ಮೇಲಿನ ಹೆಸರನ್ನು ಓದಿ ಹೇಳುತ್ತಾರೆ. ಬಹುಪಾಲು ಸಂದರ್ಭದಲ್ಲಿ ಆ ಹೆಸರು ಮಾಡಿದವನದಲ್ಲ, ಮಾರಿದವನದು. ಇಟಲಿಯ ಕೋವಿಗಳ ವಿಷಯದಲ್ಲಂತೂ ಈ ಗೊಂದಲ ಇನ್ನೂ ದಟ್ಟವಾಗಿದೆ.

ಸೀಮೆಯ ಹಿನ್ನೆಲೆ

ಬೇಟೆಗೂ ಈ ಸೀಮೆಗೂ ಇರುವ ನಂಟು ಕೋವಿಗಿಂತ ಬಹಳ ಹಳೆಯದು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಪ್ರಕಾರ ಶಿಕಾರಿಪುರದ ಮೂಲ ಹೆಸರು ಮಳಿಯನಹಳ್ಳಿ. ಕೆಳದಿ ಅರಸರ ಕಾಲದಲ್ಲಿ ಅದು ಮಹಾದಾನಪುರವಾಯಿತು. ಸುತ್ತಲ ಕಾಡಿನಲ್ಲಿ ಬೇಟೆ ಯಥೇಚ್ಛವಾಗಿ ಸಿಕ್ಕಿದ್ದರಿಂದ ಹೈದರಾಲಿಯೋ ಟಿಪ್ಪುವೋ ಈಗಿನ ಹೆಸರಿಟ್ಟರು. ಸೊರಬ ಕಾನುಗಳ, ಅಂದರೆ ನಿತ್ಯಹಸಿರು ಕಾಡಿನ ತುಂಡುಗಳ ನಾಡು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದು, 171 ಕಾನುಗಳನ್ನು, ಒಟ್ಟು ಸುಮಾರು 32,000 ಎಕರೆಯನ್ನು ಲೆಕ್ಕಕ್ಕೆ ತಂದರು. ಗದ್ದೆಯ ಅಂಚಿಗೇ ಕಾನು, ಕಾನಿನೊಳಗೆ ಮೆಣಸಿನ ಬಳ್ಳಿ, ಬಳ್ಳಿಯ ಬುಡದಲ್ಲಿ ಹಂದಿಯ ಹೆಜ್ಜೆ: ಇಂಥ ಕಡೆ ಕೋವಿ ಬೇಟೆಯ ಮೋಜಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಬೇಸಾಯಕ್ಕೆ ಬೇಕಾಗಿತ್ತು.

ಈ ಸೀಮೆಯ ಹತ್ತಿರದಲ್ಲೇ ಒಮ್ಮೆ ಬಂದೂಕಿನ ದೊಡ್ಡ ರಾಜಕೀಯವೂ ನಡೆದಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ನಗರವೆಂದು ಹೆಸರಿಟ್ಟ. 2018ರಲ್ಲಿ ಅದೇ ನಗರದ ಹಾಳು ಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಟಿಪ್ಪುವಿನ ಕಾರ್ಖಾನೆಗಳ ಉತ್ತಮ ಬಂದೂಕುಗಳ ಮೇಲೆ ಹುಲಿಪಟ್ಟೆಯ ಅಲಂಕಾರದ ಜೊತೆಗೆ ತಯಾರಾದ ಊರು, ಮೌಲೂದಿ ಶಕೆಯ ವರ್ಷ, ಕೆಲವದರ ಮೇಲೆ ಕುಶಲಿಗನ ಹೆಸರೂ ಇರುತ್ತಿದ್ದವು. ನೂರು ವರ್ಷ ಕಳೆದ ಮೇಲೆ ಹಡಗಿನಲ್ಲಿ ಬಂದ ವಿಲಾಯತಿ ಕೋವಿಗಳು ಅಷ್ಟು ಧಾರಾಳವಾಗಿರಲಿಲ್ಲ.

ತೋಟಾಕೋವಿ ಬಂದದ್ದು

ಹಿಂದಿನಿಂದ ಮುರಿದು ತೋಟಾ ಹಾಕುವ ಕೋವಿ ಫ್ರಾನ್ಸಿನ ಲೆಫೋಶೆ ಎಂಬ ಕಸುಬುದಾರನಿಂದ 1830ರ ದಶಕದಲ್ಲಿ ರೂಪಗೊಂಡು, 1851ರ ಲಂಡನ್ ಮಹಾಪ್ರದರ್ಶನದ ನಂತರ ಇಂಗ್ಲೆಂಡಿನಲ್ಲಿ ಬೇರೂರಿತು. 1875ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆಯ ಆನ್ಸನ್, ಡೀಲಿ ಎಂಬಿಬ್ಬರು ತೋಟಾ ಸಿಡಿಸುವ ಹೊರಗಿನ ಕುದುರೆಗಳನ್ನು ತೆಗೆದು ಒಳಗೇ ಅಡಗಿಸಿದರು. ಸರಳ, ಗಟ್ಟಿ, ಅಗ್ಗ. ಹಾಗಾಗಿ ಪ್ರಪಂಚದ ಬಹುಪಾಲು ಜೋಡುನಳಿಗೆ ಕೋವಿಗಳು ಇಂದಿಗೂ ಅದೇ ಮಾದರಿಯವು. ಕೋವಿಯ ಮೇಲೆ 'ಆನ್ಸನ್' ಎಂದು ಬರೆದಿದ್ದರೆ ಅದು ಒಳಯಂತ್ರದ ಬಗೆಯ ಹೆಸರು, ತಯಾರಕನದಲ್ಲ.

ಭಾರತಕ್ಕೆ ಬಂದ ಮಾಲು ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನದು. ಅದರ ಹಿಂದೆ ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ್ದು. ಕಲ್ಕತ್ತೆಯ ಮ್ಯಾಂಟನ್, ರಾಡ್ಡಾ, ಮದ್ರಾಸಿನ ಪಿ. ಓರ್ ಅಂಡ್ ಸನ್ಸ್, ಬೊಂಬಾಯಿಯ ಆರ್ಮಿ ಅಂಡ್ ನೇವಿ ಮಳಿಗೆಗಳು ಇಂಗ್ಲೆಂಡಿನಲ್ಲಿ ಕೋವಿ ಮಾಡಿಸಿ, ನಳಿಗೆಗಳ ನಡುವಿನ ಪಟ್ಟಿಯ ಮೇಲೆ ತಮ್ಮ ಹೆಸರು ಕೆತ್ತಿಸಿ ಮಾರಿದವು. ಪಿ. ಓರ್‌ನಂಥ ಗಡಿಯಾರದಂಗಡಿಯ ಹೆಸರು ಕೋವಿಯ ಮೇಲೆ ಕಂಡರೆ ಬೆರಗಾಗಬೇಕಿಲ್ಲ.

1878ರ ಶಸ್ತ್ರ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಪರವಾನಗಿಯನ್ನು ಕಡ್ಡಾಯ ಮಾಡಿತು. ಶಿಕಾರಿಪುರ, ಸೊರಬ ಮೈಸೂರು ಸಂಸ್ಥಾನದಲ್ಲಿದ್ದವು. ಗಡಿ ದಾಟಿದರೆ ಬನವಾಸಿ, ಶಿರಸಿ, ಹಾನಗಲ್ ಬೊಂಬಾಯಿ ಪ್ರಾಂತ್ಯ. ಮದುವೆ, ಮಾರಾಟಗಳಿಗೆ ಆ ಗಡಿ ಅಡ್ಡಿಯಾಗಿರಲಿಲ್ಲವಾದ್ದರಿಂದ, ಒಂದೇ ಕೋವಿಯ ಕಾಗದಗಳು ಎರಡು ಸರ್ಕಾರಗಳ ದಫ್ತರಗಳಲ್ಲಿ ಹರಿದು ಹಂಚಿಹೋಗಿರುವುದು ಸಾಧ್ಯ. ಕೊಡಗಿನ ಕಥೆ ಬೇರೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಶಿವಮೊಗ್ಗದ ರೈತನಿಗೆ ಆ ಭಾಗ್ಯವಿಲ್ಲ. ಚುನಾವಣೆ ಘೋಷಣೆಯಾದಾಗಲೆಲ್ಲ ಅವನು ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು, ಫಸಲು ಹಂದಿಯ ಪಾಲಾಗುವುದನ್ನು ನೋಡುತ್ತಾ ಗೊಣಗುತ್ತಾನೆ. ಗೊಣಗುವುದರಲ್ಲಿ ನ್ಯಾಯವೂ ಇದೆ.

ಹೊರಗಿನಿಂದ ಬಂದ ಶಿಕಾರಿಗಳ ಆಯುಧ ಬೇರೆಯೇ ಇತ್ತು. ಕೆನೆತ್ ಆಂಡರ್ಸನ್ 1954ರ ತನ್ನ ಮೊದಲ ಪುಸ್ತಕದಲ್ಲಿ ಪಕ್ಕದ ಸಾಗರ ತಾಲ್ಲೂಕಿನ ತ್ಯಾಗರ್ತಿಯ ಹುಲಿಗಳಿಗೆ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅವನ ನೆಚ್ಚಿನದು .405 ವಿಂಚೆಸ್ಟರ್ ರೈಫಲ್. ಊರಿನ ಈಡುಗಾರ ಮರಸು ಕೂರುತ್ತಿದ್ದುದು ನುಣುಪು ನಳಿಗೆಯ ಹನ್ನೆರಡು ಬೋರಿನ ಕೋವಿ ಹಿಡಿದು. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ ಅಷ್ಟೇ ಆ ನಳಿಗೆಯ ಅಗಲ, ಸುಮಾರು 18.5 ಮಿಲಿಮೀಟರ್. ಹಕ್ಕಿಗೆ ಸಣ್ಣ ಚರೆ, ಹಂದಿಗೆ ದಪ್ಪ ಚರೆಯ ಎಲ್‌ಜಿ ತೋಟಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಕಾನೂನಿಗೆ ಹೊರತಾಯಿತು. ಬೆಳೆರಕ್ಷಣೆಯ ಪರವಾನಗಿ ಮಾತ್ರ ಉಳಿಯಿತು.

ಇಟಲಿಯ ಕೋವಿ

ಇಟಲಿಯ ಕೋವಿ ಎಂದರೆ ಬಹುಮಟ್ಟಿಗೆ ಒಂದೇ ಕಣಿವೆಯ ಮಾಲು. ಲೊಂಬಾರ್ಡಿಯ ಬ್ರೆಷಿಯಾ ನಗರದ ಉತ್ತರಕ್ಕೆ ಮೆಲ್ಲಾ ನದಿ ಹರಿಯುವ ಟ್ರೊಂಪಿಯಾ ಕಣಿವೆಯಲ್ಲಿ ಗಾರ್ದೊನೆ ಎಂಬ ಸಣ್ಣ ಪಟ್ಟಣವಿದೆ. ಬೆಟ್ಟದಲ್ಲಿ ಕಬ್ಬಿಣದ ಅದಿರು, ಇದ್ದಿಲಿಗೆ ಕಾಡು, ಸುತ್ತಿಗೆ ಎತ್ತಲು ಹರಿಯುವ ನೀರು ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ಮಧ್ಯಯುಗದಿಂದಲೇ ಅಲ್ಲಿ ಆಯುಧದ ಕಸುಬು ನೆಲೆನಿಂತಿತು. 1426ರಿಂದ 1797ರವರೆಗೆ ಬ್ರೆಷಿಯಾ ವೆನಿಸ್ ಗಣರಾಜ್ಯದ ಅಧೀನದಲ್ಲಿತ್ತು; ವೆನಿಸ್ಸಿನ ಶಸ್ತ್ರಾಗಾರವೇ ಕಣಿವೆಯ ದೊಡ್ಡ ಗಿರಾಕಿ. 1526ರಲ್ಲಿ ಬಾರ್ತೊಲೊಮಿಯೊ ಬೆರೆಟ್ಟಾ 185 ನಳಿಗೆಗಳನ್ನು ಆ ಶಸ್ತ್ರಾಗಾರಕ್ಕೆ ಮಾರಿದ ದಾಖಲೆಯಿದೆ. ಅವನ ವಂಶದ ಸಂಸ್ಥೆ ಇಂದಿಗೂ ಅದೇ ಊರಿನಲ್ಲಿ ಕೋವಿ ಮಾಡುತ್ತಿದೆ.

ಕಣಿವೆಯಲ್ಲಿ ಒಬ್ಬನೇ ಪೂರ್ತಿ ಕೋವಿ ಮಾಡುವ ಪದ್ಧತಿ ಇರಲಿಲ್ಲ. ಒಂದು ಮನೆ ನಳಿಗೆ ಕೊರೆಯುತ್ತಿತ್ತು, ಇನ್ನೊಂದು ಮನೆ ಒಳಯಂತ್ರ ಕೂಡಿಸುತ್ತಿತ್ತು, ಮತ್ತೊಂದು ಮನೆ ಆಕ್ರೋಟು ಮರದ ಹಿಡಿ ಕಡೆಯುತ್ತಿತ್ತು, ಕೊನೆಗೆ ಕೆತ್ತನೆಯವನು ಉಳಿ ಹಿಡಿಯುತ್ತಿದ್ದ. ಅರೆಸಿದ್ಧ ಕೋವಿಯನ್ನು ಕೊಂಡು, ಮುಗಿಸಿ, ತಮ್ಮ ಹೆಸರಿನಲ್ಲಿ ಮಾರುವ ಅಂಗಡಿಗಳು ಬ್ರೆಷಿಯಾದಲ್ಲೂ ಬೇರೆ ನಗರಗಳಲ್ಲೂ ಇದ್ದವು. ಬೆರ್ನಾರ್ದೆಲ್ಲಿ, ಫ್ರಾಂಕಿಯಂಥ ಹತ್ತೊಂಬತ್ತನೆಯ ಶತಮಾನದ ದೊಡ್ಡ ಮನೆಗಳ ಪಕ್ಕದಲ್ಲಿ ಒಂದೆರಡು ತಲೆಮಾರು ಬಾಳಿ ಮುಚ್ಚಿಹೋದ ಸಣ್ಣ ಕಾರ್ಯಾಗಾರಗಳು ಎಷ್ಟೋ. ಸೊರಬದವರಿಗೆ ಇದು ಪರಿಚಿತ ಏರ್ಪಾಡೇ. ಸೊರಬ, ಸಾಗರದ ಗುಡಿಗಾರರು ಕೊರೆದ ಗಂಧದ ಪೆಟ್ಟಿಗೆಗಳು ಮೈಸೂರಿನ ಕೆತ್ತನೆಯೆಂಬ ಹೆಸರಿನಲ್ಲಿ ಹೊರನಾಡಿಗೆ ಹೋದವು. ಉಳಿ ಹಿಡಿದವನ ಹೆಸರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಇರುತ್ತಿರಲಿಲ್ಲ.

ಹೆಸರಿದ್ದರೂ ನಂಬುವಂತಿಲ್ಲ ಎನ್ನುವುದಕ್ಕೆ ಕಣಿವೆಯಲ್ಲೇ ಹಳೆಯ ನಿದರ್ಶನವಿದೆ. ಹದಿನೇಳನೆಯ ಶತಮಾನದಲ್ಲಿ ಲಜಾರಿನೊ ಕೊಮಿನಾಜ್ಜೊ ಮನೆತನದ ನಳಿಗೆಗಳು ಹಗುರಕ್ಕೂ ಗಟ್ಟಿಗೂ ಯೂರೋಪಿನಲ್ಲೆಲ್ಲ ಹೆಸರಾಗಿದ್ದವು. ಇಂಗ್ಲಿಷ್ ದಿನಚರಿಕಾರ ಜಾನ್ ಈವ್ಲಿನ್ 1646ರಲ್ಲಿ ಬ್ರೆಷಿಯಾಕ್ಕೆ ಹೋದಾಗ ಅವರಲ್ಲಿ ಒಂದು ಬಂದೂಕು ಕೊಂಡ. ಆ ಹೆಸರಿಗೆ ಬೆಲೆ ಬಂದಿದ್ದೇ ತಡ, ಎಲ್ಲೆಲ್ಲಿನ ನಳಿಗೆಗಳ ಮೇಲೂ 'ಲಜಾರಿನೊ' ಮೂಡತೊಡಗಿತು, ಕಾಗುಣಿತ ತಪ್ಪಿದವೂ ಸೇರಿ.

ಗುರುತು ಓದುವ ಬಗೆ

ಹಾಗಾದರೆ ಪತ್ತೆ ಹೇಗೆ? ಮೊದಲು ಕೋವಿ ಖಾಲಿಯಿದೆಯೆಂದು ಎರಡೂ ನಳಿಗೆಗಳಲ್ಲಿ ಕಣ್ಣಾರೆ ನೋಡಿಕೊಳ್ಳಬೇಕು. ಆಮೇಲೆ ಎಡಗೈ ಹಿಡಿಯುವ ಮುಂದಿನ ಮರದ ತುಂಡನ್ನು ಕಳಚಿ, ಕೋವಿ ಮುರಿದು, ನಳಿಗೆಗಳನ್ನು ಬೇರೆ ಮಾಡಬೇಕು. ನಳಿಗೆಯ ಬುಡದ ಅಡಿಭಾಗದಲ್ಲಿ, ಮುಚ್ಚಿದಾಗ ಹೊರಗೆ ಕಾಣದ ಚಪ್ಪಟೆ ಜಾಗದಲ್ಲಿ, ಪುಟ್ಟ ಪುಟ್ಟ ಮುದ್ರೆಗಳು ಒತ್ತಿರುತ್ತವೆ. ಮಾಮೂಲಿಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ನಳಿಗೆ ಸೀಳಲಿಲ್ಲವೆಂದು ಸರ್ಕಾರಿ ಪರೀಕ್ಷಾಲಯ ಒತ್ತುವ ಮುದ್ರೆಗಳು ಇವು. ಮಾರಿದವನು ಮೇಲಿನ ಪಟ್ಟಿಯಲ್ಲಿ ಏನು ಬೇಕಾದರೂ ಕೆತ್ತಿಸಬಹುದು, ಇಲ್ಲಿ ಸುಳ್ಳು ಹೇಳುವುದು ಕಷ್ಟ.

ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯಗಳ ಮುದ್ರೆಗಳಿಗೆ ಬೇರೆ ಬೇರೆ ರೂಪವಿದೆ. ಬರ್ಮಿಂಗ್‌ಹ್ಯಾಮಿನದು 1813ರಲ್ಲಿ ಸ್ಥಾಪನೆಯಾಯಿತು. ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ ಅಕ್ಷರಗಳಿದ್ದರೆ ಕೋವಿ ಲಿಯೇಜಿನದು, ಮೇಲೆ ಯಾವ ಇಂಗ್ಲಿಷ್ ಹೆಸರೇ ಇರಲಿ. ಇಟಲಿ ಈ ವಿಷಯದಲ್ಲಿ ತಡವಾಗಿ ಎಚ್ಚೆತ್ತಿತು. ಅದರ ರಾಷ್ಟ್ರೀಯ ಪರೀಕ್ಷಾಲಯ ಹುಟ್ಟಿದ್ದು 1910ರಲ್ಲಿ. ಮುದ್ರೆ ಕಡ್ಡಾಯವಾದದ್ದು 1923ರ ಡಿಸೆಂಬರಿನ ರಾಜಾಜ್ಞೆಯಿಂದ. ಆದ್ದರಿಂದ ಮುದ್ರೆಯೇ ಇಲ್ಲದ ಇಟಲಿ ಕೋವಿ ನಕಲಿಯಾಗಿರಲೇಬೇಕೆಂದಿಲ್ಲ, ಆ ಆಜ್ಞೆಗಿಂತ ಹಳೆಯದೂ ಆಗಿರಬಹುದು. ಪಿಎಸ್‌ಎಫ್ ಎಂಬ ಮೂರಕ್ಷರ ಹೊಗೆಯಿಲ್ಲದ ಮದ್ದಿನ ಪರೀಕ್ಷೆಗೆ ಸಲ್ಲುತ್ತದೆ. ಪಿಎನ್ ಎಂದಿದ್ದರೆ ಕರಿಮದ್ದಿನ ಪರೀಕ್ಷೆ. ಆ ಅಕ್ಷರಗಳ ಮೇಲೆ ಕಿರೀಟವಿದ್ದರೆ ಅದು ರಾಜರ ಕಾಲದ್ದು. 1946ರಲ್ಲಿ ಇಟಲಿ ಗಣರಾಜ್ಯವಾದ ಮೇಲೆ ಕಿರೀಟ ಹೋಗಿ ನಕ್ಷತ್ರ ಬಂತು.

ವರ್ಷ ತಿಳಿಯಲು ಸಂಕೇತವಿದೆ. ಯುದ್ಧಾನಂತರದ ಎಣಿಕೆಯಲ್ಲಿ 1954ನೆಯ ವರ್ಷಕ್ಕೆ ರೋಮನ್ ಅಂಕಿಯ ಹತ್ತು, 1955ಕ್ಕೆ ಹನ್ನೊಂದು ಎಂದು ಸಾಗಿ, 1975ಕ್ಕೆ ಎಎ ಎಂಬ ಜೋಡಿ ಅಕ್ಷರಕ್ಕೆ ತಿರುಗುತ್ತದೆ, 1976ಕ್ಕೆ ಎಬಿ. ಇವುಗಳ ಪಕ್ಕದಲ್ಲಿ ನಳಿಗೆಯ ತೂಕ, ಬೋರು ಮತ್ತು ತೋಟಾಕೋಣೆಯ ಉದ್ದವೂ, ನಳಿಗೆಯ ಬಾಯಿ ಎಷ್ಟು ಬಿಗಿ ಎಂಬುದಕ್ಕೆ ಚುಕ್ಕಿಗಳೂ ಇರುತ್ತವೆ. ಒಂದೇ ಚುಕ್ಕಿಯಿದ್ದರೆ ಪೂರ್ಣ ಬಿಗಿತ. ಚುಕ್ಕಿ ಹೆಚ್ಚಿದಂತೆ ಬಾಯಿ ಸಡಿಲ, ಚರೆ ಬೇಗ ಹರಡುತ್ತದೆ.

ಇನ್ನು ಬರಹಗಳ ಮಾತು. 'ಆಚ್ಚಾಯೊ ಕೊನ್ಯೆ' ಎಂದಿದ್ದರೆ ಅಓಸ್ತಾ ಕಣಿವೆಯ ಕೊನ್ಯೆ ಉಕ್ಕು. ಬ್ಯೋಲರ್, ಕ್ರುಪ್, ಪೋಲ್ಡಿ ಇವೂ ಉಕ್ಕಿನ ಹೆಸರುಗಳೇ. 'ಫಾಬ್ರಿಕಾ ದಾರ್ಮಿ' ಎಂಬುದು ಆಯುಧದ ಕಾರ್ಖಾನೆ ಎಂದಷ್ಟೇ ಹೇಳುತ್ತದೆ. 'ಬ್ರೆವೆತ್ತಾತೊ' ಎಂದರೆ ಪೇಟೆಂಟ್ ಪಡೆದದ್ದು. ಇವನ್ನೆಲ್ಲ ಕಳೆದ ಮೇಲೆ ನಳಿಗೆಯ ಅಡಿಯಲ್ಲಿ ಉಳಿಯುವ ಎರಡು ಮೂರು ಬಿಡಿ ಅಕ್ಷರಗಳೇ ನಿಜವಾದ ಸುಳಿವು: ನಳಿಗೆ ಕೊರೆದವನದೋ, ಯಂತ್ರ ಕೂಡಿಸಿದವನದೋ ಮೊದಲಕ್ಷರಗಳು. ಅವನ್ನು ಗಾರ್ದೊನೆಯ ಕಸುಬುದಾರರ ಪಟ್ಟಿಗಳೊಂದಿಗೆ ತಾಳೆ ನೋಡಬೇಕು. ಕ್ರಮಸಂಖ್ಯೆಯಿಂದ ಹೆಚ್ಚೇನೂ ಸಿಗದು. ಪ್ರತಿ ಕಾರ್ಯಾಗಾರವೂ ತನ್ನದೇ ಎಣಿಕೆ ಇಟ್ಟುಕೊಂಡಿತ್ತು, ಮುಚ್ಚಿದ ಕಾರ್ಯಾಗಾರದ ಜೊತೆಗೆ ಅದರ ಲೆಕ್ಕದ ಪುಸ್ತಕವೂ ಹೋಗುತ್ತದೆ.

ಈ ಓದು ಕುತೂಹಲಕ್ಕಷ್ಟೇ ಅಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗಳು ನೋಡಲು ಚೆಲುವು. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ಅಂಥ ಕೋವಿಗೆ ಇವತ್ತಿನ ತೋಟಾ ಹಾಕುವುದು ಅಪಾಯ. 65 ಮಿಲಿಮೀಟರ್ ಕೋಣೆಯ ಕೋವಿಯಲ್ಲಿ 70 ಮಿಲಿಮೀಟರ್ ತೋಟಾ ಕುಳಿತುಕೊಂಡರೂ, ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಆಯುಧಪೂಜೆಗೆ ಕುಂಕುಮವಿಟ್ಟು ಇಳಿಸಿಡುವ ಕೋವಿಗೆ ಇದರ ಚಿಂತೆಯಿಲ್ಲ, ಮಾಳದಲ್ಲಿ ಕೂತು ಹಾರಿಸುವ ಕೋವಿಗೆ ಇದೆ.

ಕಾಗದಪತ್ರ

1959ರ ಶಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಶಿವಮೊಗ್ಗದ ಜಿಲ್ಲಾಧಿಕಾರಿ. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿ ಪುಸ್ತಕದಲ್ಲಿ ಬಗೆ, ಬೋರು, ಸಂಖ್ಯೆ ಇರುತ್ತವೆ. ತಯಾರಕನ ಜಾಗದಲ್ಲಿ ಗುಮಾಸ್ತರ ಕಣ್ಣಿಗೆ ಬಿದ್ದ ಮೊದಲ ಬರಹವೇ ನಿಂತಿರುವುದುಂಟು. ಉಕ್ಕಿನ ಹೆಸರು ತಯಾರಕನಾಗಿ ದಾಖಲಾಗುವುದು ಹೀಗೆ. ಆದರೂ ಮೊದಲ ಪರವಾನಗಿಯ ತಾರೀಖು, ಕೊಂಡ ಅಂಗಡಿಯ ರಸೀತಿ, ಹಿಂದಿನ ಮಾಲೀಕನ ಊರು ಇವು ಮುದ್ರೆಗಳಷ್ಟೇ ಬೆಲೆಬಾಳುವ ಸಾಕ್ಷ್ಯ. ಎರಡನ್ನೂ ಜೊತೆಗಿಟ್ಟು ಓದಿದಾಗಲೇ ಕೋವಿಯ ಜಾತಕ ಸರಿಯಾಗಿ ಕೂಡಿಬರುತ್ತದೆ.

ಪರವಾನಗಿದಾರರು ತೀರಿಕೊಂಡರೆ ಕಾಯ್ದೆಯ 21ನೆಯ ಕಲಮಿನಂತೆ ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕು; ನಿಗದಿತ ಅವಧಿಯೊಳಗೆ ವಾರಸುದಾರರು ಪರವಾನಗಿ ಪಡೆದು ಬಿಡಿಸಿಕೊಳ್ಳದಿದ್ದರೆ ಅದು ಸರ್ಕಾರದ ಪಾಲಾಗುತ್ತದೆ. ಮನೆಯ ಹಿರಿಯರ ಹೆಸರಿನಲ್ಲಿ ಇಂಥ ಕೋವಿಯಿದ್ದರೆ, ಅವರಿರುವಾಗಲೇ ಅವರ ಕೈಯಿಂದಲೇ ನಳಿಗೆ ಕಳಚಿಸಿ, ಬುಡದ ಮುದ್ರೆಗಳನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ಫೋಟೊ ತೆಗೆದು, ಪರವಾನಗಿ ಪುಸ್ತಕದ ನಕಲಿನೊಂದಿಗೆ ಇಟ್ಟುಕೊಳ್ಳಿ.