ಗಲ್ಲಾಪೆಟ್ಟಿಗೆಯ ಗಂಟೆ: ಹೋಟೆಲಿನ ಬಿಲ್ಲಿಂಗ್ ಯಂತ್ರ ನಡೆದು ಬಂದ ದಾರಿ



ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಎದ್ದು ಬರುವಾಗ ಗಲ್ಲಾದ ಮೇಲಿರುವ ಯಂತ್ರವನ್ನು ನೀವು ನೋಡಿಯೇ ಇರುತ್ತೀರಿ. ಕ್ಯಾಷಿಯರು ಪರದೆಯ ಮೇಲೆ ಎರಡು ಕಡೆ ಬೆರಳಿಡುತ್ತಾರೆ. ಕಿರ್ರೆಂದು ಚೀಟಿಯೊಂದು ಹೊರಬರುತ್ತದೆ. ವ್ಯಾಪಾರದ ಪರಿಭಾಷೆಯಲ್ಲಿ ಇದು ಪಾಯಿಂಟ್ ಆಫ್ ಸೇಲ್ ವ್ಯವಸ್ಥೆ. ನಮ್ಮ ಹೋಟೆಲುಗಳಲ್ಲಿ ಬಿಲ್ಲಿಂಗ್ ಮೆಷಿನ್ ಎಂದರೆ ಸಾಕು. ಹೊಸದಾಗಿ ಹೋಟೆಲು ತೆರೆಯುವವರು ಒಲೆ, ಗ್ರೈಂಡರುಗಳ ಜೊತೆಗೆ ಇದನ್ನೂ ಆರಿಸಿಕೊಳ್ಳಬೇಕು. ಯಾವುದು ಒಳ್ಳೆಯದೆಂದು ಕೇಳಿದರೆ ಮಾರುವವರು ಬೆಲೆಪಟ್ಟಿಯನ್ನು ಮುಂದಿಡುತ್ತಾರೆ. ಈ ಯಂತ್ರ ಯಾವ ಭಯದಿಂದ ಹುಟ್ಟಿತು ಎಂಬುದನ್ನು ತಿಳಿದರೆ ಆಯ್ಕೆ ಸುಲಭವಾದೀತೆಂದು ನನ್ನ ಎಣಿಕೆ.

ಕಥೆ ಶುರುವಾಗುವುದು ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಎಂಬ ಊರಿನಲ್ಲಿ. ಅಲ್ಲಿ ಜೇಮ್ಸ್ ರಿಟಿ ಎಂಬಾತ ಸಲೂನ್ ನಡೆಸುತ್ತಿದ್ದ. ಅಲ್ಲಿ ಸಲೂನ್ ಎಂದರೆ ಕ್ಷೌರದ ಅಂಗಡಿಯಲ್ಲ, ಮದ್ಯದಂಗಡಿ! ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಆದರೆ ರಾತ್ರಿ ಲೆಕ್ಕಕ್ಕೆ ಕೂತರೆ ಕೈಗೆ ಹತ್ತುತ್ತಿದ್ದುದು ಅಲ್ಪ. ಕೆಲಸಗಾರರಲ್ಲಿ ಕೆಲವರು ಗಿರಾಕಿ ಕೊಟ್ಟ ಹಣವನ್ನು ನೇರವಾಗಿ ಜೇಬಿಗಿಳಿಸುತ್ತಿದ್ದರು. 1878ರಲ್ಲಿ ರಿಟಿ ಯುರೋಪಿಗೆ ಹಡಗಿನಲ್ಲಿ ಹೊರಟ. ಆ ಹಡಗಿನ ಎಂಜಿನ್ ಕೋಣೆಯಲ್ಲಿ, ನೀರಿನಡಿಯ ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಿತೆಂದು ತಾನೇ ಎಣಿಸುವ ಸಾಧನವೊಂದು ಅವನ ಕಣ್ಣಿಗೆ ಬಿತ್ತು. ಸುತ್ತುಗಳನ್ನು ಎಣಿಸಬಹುದಾದರೆ ನಾಣ್ಯಗಳನ್ನೇಕೆ ಎಣಿಸಬಾರದು?

ಊರಿಗೆ ಮರಳಿದವನೇ ಮೆಕ್ಯಾನಿಕ್ ಆಗಿದ್ದ ತಮ್ಮ ಸಹೋದರ ಜಾನ್‌ನೊಡನೆ ಕೂತು ಯಂತ್ರ ಕಟ್ಟಿದ. 1879ರ ನವೆಂಬರ್ 4ರಂದು ಅದಕ್ಕೆ ಪೇಟೆಂಟ್ ದೊರೆಯಿತು. ಅವರಿಟ್ಟ ಹೆಸರು 'ಇನ್‌ಕರಪ್ಟಿಬಲ್ ಕ್ಯಾಷಿಯರ್', ಅಂದರೆ ಯಾವ ಆಮಿಷಕ್ಕೂ ಬಗ್ಗದ ನಗದು ಗುಮಾಸ್ತ. ಹೆಸರಿನಲ್ಲಿಯೇ ಮನುಷ್ಯ ಗುಮಾಸ್ತನಿಗೆ ಒಂದು ಏಟಿತ್ತು ನೋಡಿ!

ಆ ಯಂತ್ರದಲ್ಲಿ ಹಣ ಇಡುವ ಪೆಟ್ಟಿಗೆಯೇ ಇರಲಿಲ್ಲ. ಕೀಲಿ ಒತ್ತಿದರೆ ಗಡಿಯಾರದಂಥ ಮುಖದ ಮೇಲೆ ಎರಡು ಮುಳ್ಳುಗಳು ತಿರುಗಿ, ಒಂದು ಡಾಲರನ್ನೂ ಇನ್ನೊಂದು ಸೆಂಟನ್ನೂ ತೋರಿಸುತ್ತಿದ್ದವು. ಆ ಮುಖ ಗಿರಾಕಿಗೂ ಕಾಣುವಂತಿತ್ತು. ಹತ್ತು ಸೆಂಟು ಕೊಟ್ಟವನ ಎದುರಿಗೆ ಐದು ತೋರಿಸಿದರೆ ಅವನೇ ಪ್ರಶ್ನಿಸುತ್ತಾನೆ. ಸಂಬಳವಿಲ್ಲದ ಕಾವಲುಗಾರನೊಬ್ಬ ಮಾಲೀಕನಿಗೆ ಸಿಕ್ಕಂತಾಯಿತು. ಮುಂದಿನ ಮಾದರಿಯಲ್ಲಿ ಕಾಗದದ ಸುರುಳಿ ಬಂತು. ಪ್ರತಿ ಮಾರಾಟಕ್ಕೂ ಸೂಜಿ ಅದರಲ್ಲಿ ತೂತು ಮಾಡುತ್ತಿತ್ತು. ಸಂಜೆ ತೂತುಗಳನ್ನು ಎಣಿಸಿದರೆ ದಿನದ ವ್ಯಾಪಾರ ತಿಳಿಯುತ್ತಿತ್ತು. ನಗದು ಪೆಟ್ಟಿಗೆ, ಅದು ತೆರೆದಾಗ ಬಾರಿಸುವ ಗಂಟೆ, ಇವೆಲ್ಲ ಆಮೇಲಿನವು. ಒಳಗೆ ಕೂತ ಮಾಲೀಕನಿಗೆ ಕಣ್ಣಿಗೆ ಕಾಣದ್ದು ಗಂಟೆಯ ಸದ್ದಿನಿಂದ ಕಿವಿಗೆ ಬೀಳುತ್ತಿತ್ತು.

ರಿಟಿ ಈ ಉದ್ಯಮದಿಂದ ಬೇಗ ಕೈತೊಳೆದುಕೊಂಡ. 1884ರಲ್ಲಿ ಜಾನ್ ಪ್ಯಾಟರ್ಸನ್ ಎಂಬ ವ್ಯಾಪಾರಿ ಕಂಪನಿಯನ್ನು ಕೊಂಡು ಅದಕ್ಕೆ 'ನ್ಯಾಷನಲ್ ಕ್ಯಾಷ್ ರಿಜಿಸ್ಟರ್' ಎಂದು ಹೆಸರಿಟ್ಟ. ಈತ ಮೊದಲು ತನ್ನ ಅಂಗಡಿಗೆ ಇದೇ ಯಂತ್ರಗಳನ್ನು ತರಿಸಿ ಪ್ರಯೋಜನ ಕಂಡವನು. 1906ರಲ್ಲಿ ಇದೇ ಕಂಪನಿಯಲ್ಲಿದ್ದ ಚಾರ್ಲ್ಸ್ ಕೆಟರಿಂಗ್ ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ. ಇದಾದ ಮೇಲೆ ದಶಕಗಳ ಕಾಲ ಯಂತ್ರದ ಕೆಲಸವೇನೂ ಬದಲಾಗಲಿಲ್ಲ: ಎಷ್ಟು ಹಣ ಬಂತೆಂದು ಹೇಳುವುದು.

ಆದರೆ ಹೋಟೆಲಿನ ತೊಂದರೆ ಗಲ್ಲಾದಲ್ಲಿಯೇ ಮುಗಿಯುತ್ತದೆಯೇ? ಸಪ್ಲೈಯರು ಕೂಗಿ ಹೇಳಿದ್ದು ಅಡುಗೆಭಟ್ಟರಿಗೆ ಕೇಳಿಸದೆ ಈರುಳ್ಳಿ ದೋಸೆಯ ಬದಲು ಸೆಟ್ ದೋಸೆ ಬಂದರೆ ಅದೂ ನಷ್ಟವೇ. ಈ ಪ್ರಶ್ನೆಗೆ ಉತ್ತರ ಸಿಗಲು ಕಂಪ್ಯೂಟರು ಬರಬೇಕಾಯಿತು. 1974ರಲ್ಲಿ ವಿಲಿಯಂ ಬ್ರೋಬೆಕ್ ಅವರ ಸಂಸ್ಥೆ ಮೆಕ್‌ಡೊನಾಲ್ಡ್ಸ್ ಹೋಟೆಲುಗಳಿಗಾಗಿ ಇಂಟೆಲ್ 8008 ಮೈಕ್ರೊಪ್ರೊಸೆಸರ್ ಬಳಸಿದ ವ್ಯವಸ್ಥೆಯೊಂದನ್ನು ಕಟ್ಟಿತು. ಪ್ರತಿ ತಿನಿಸಿಗೂ ಒಂದು ಗುಂಡಿ. ಒಂದು ಆರ್ಡರು ಮುಗಿಯುವ ಮೊದಲೇ ಇನ್ನೊಂದನ್ನು ತೆಗೆದುಕೊಳ್ಳಬಹುದಿತ್ತು. ಕಂಪ್ಯೂಟರುಗಳು ಎರಡು, ಒಂದು ಕೆಟ್ಟರೆ ಇನ್ನೊಂದು ಇಡೀ ಅಂಗಡಿಯನ್ನು ನಡೆಸುತ್ತಿತ್ತು. ಗಣಿತ ಓದುವವರಿಗೆ ರುಚಿಸುವ ಸಂಗತಿಯೊಂದಿದೆ. ಮುಖ್ಯ ಮಾಹಿತಿಗೆ ಮೂರು ಪ್ರತಿಗಳಿದ್ದು, ಹಲವು ಸಂಖ್ಯೆಗಳನ್ನು 3ರ ಗುಣಕಗಳಾಗಿಯೇ ಶೇಖರಿಸುತ್ತಿದ್ದರು. 7ನ್ನು 21 ಎಂದು ಇಟ್ಟರೆ, ಮುಂದೆಂದಾದರೂ ಅದು 22 ಎಂದು ಕಂಡಾಗ 3ರಿಂದ ಭಾಗವಾಗದ ಕಾರಣ ತಪ್ಪು ಆಗಲೇ ಬಯಲಾಗುತ್ತದೆ.

ಇನ್ನೊಬ್ಬನನ್ನು ನೆನೆಯಲೇಬೇಕು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಹೋಟೆಲು ನಡೆಸುತ್ತಿದ್ದ ಜೀನ್ ಮೋಷರ್, ಆಪಲ್ ಟು ಎಂಬ ಪುಟ್ಟ ಕಂಪ್ಯೂಟರಿಗೆ ತಾನೇ ತಂತ್ರಾಂಶ ಬರೆದ. ಬಾಗಿಲ ಬಳಿಯೇ ಆರ್ಡರು ತೆಗೆದುಕೊಂಡರೆ ಅಡುಗೆಮನೆಯಲ್ಲಿ ವಿವರ ಅಚ್ಚಾಗುತ್ತಿತ್ತು. ಗಿರಾಕಿ ಮೇಜು ತಲಪುವಷ್ಟರಲ್ಲಿ ಎಷ್ಟೋ ಸಲ ಊಟವೇ ಕಾದಿರುತ್ತಿತ್ತಂತೆ! 1986ರಲ್ಲಿ ಅಟಾರಿ ಕಂಪ್ಯೂಟರಿನ ಮೇಲೆ ಬಣ್ಣದ ಸ್ಪರ್ಶಪರದೆಯ ವ್ಯವಸ್ಥೆಯನ್ನು ತಂದವನೂ ಈತನೇ. ಇಂದು ನಮ್ಮ ಹೋಟೆಲುಗಳಲ್ಲಿ ಕೆ.ಓ.ಟಿ. ಎಂದು ಕರೆಯುವ ಅಡುಗೆಮನೆ ಚೀಟಿ ಪರದೆ ಮುಟ್ಟಿದೊಡನೆ ಒಳಗೆ ಅಚ್ಚಾಗುವುದು ಈ ಜಾಡಿನಲ್ಲಿಯೇ.

ಇದೇ ಸಮಸ್ಯೆಯನ್ನು ಬೆಂಗಳೂರು ಯಂತ್ರದ ಗೊಡವೆಯಿಲ್ಲದೆ ಬಗೆಹರಿಸಿಕೊಂಡಿತೆಂದರೆ ನಿಮಗೆ ಆಶ್ಚರ್ಯವಾದೀತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆಯಿತು. ಆರ್. ಪ್ರಭಾಕರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಪದ್ಧತಿಯಲ್ಲಿ ಮೊದಲು ದುಡ್ಡು, ಆಮೇಲೆ ತಿಂಡಿ. ಕೂಪನ್ನು ಕೊಂಡು ಕೌಂಟರಿನಲ್ಲಿ ಕೊಟ್ಟರೆ ಇಡ್ಲಿ ವಡೆ ಕೈಗೆ ಬರುತ್ತದೆ. ಹಣದ ಲೆಕ್ಕ ಒಂದೇ ಕಡೆ. ತಿಂಡಿ ಕೊಡುವವರ ಕೈ ನಾಣ್ಯ ಮುಟ್ಟುವುದೇ ಇಲ್ಲ. ರಿಟಿಯ ತಲೆನೋವಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲವೆಂದೇ ನಾನು ಹೇಳುತ್ತೇನೆ.

ಹಾಗಾದರೆ ಇಂದು ಆರಿಸುವುದು ಹೇಗೆ? ನಿಂತು ತಿನ್ನುವ ದರ್ಶಿನಿಗೆ ವೇಗವಾಗಿ ಚೀಟಿ ಹರಿಯುವ ಸಣ್ಣ ಯಂತ್ರ ಸಾಕು. ಮೇಜುಗಳಿರುವ ಊಟದ ಹೋಟೆಲಿಗೆ ಅಡುಗೆಮನೆಯ ಮುದ್ರಕ ಬೇಕೇ ಬೇಕು. ಕರೆಂಟು ಹೋದಾಗ, ಇಂಟರ್ನೆಟ್ಟು ನಿಂತಾಗ ಬಿಲ್ಲು ಬರುತ್ತದೆಯೇ ಎಂದು ಮೊದಲೇ ಕೇಳಬೇಕು. 1974ರಲ್ಲಿ ಎರಡು ಕಂಪ್ಯೂಟರು ಇಟ್ಟವರು ದಡ್ಡರಲ್ಲ. ತೆರಿಗೆಯ ದರವನ್ನು ಮಾಲೀಕರೇ ಬದಲಿಸುವಂತಿರಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದೇ ವರ್ಷ ನವೆಂಬರ್ 15ರಿಂದ ಹೆಚ್ಚಿನ ಹೋಟೆಲುಗಳ ದರ ಶೇಕಡಾ 5ಕ್ಕೆ ಇಳಿಯಿತು. ನಾಲ್ಕೂವರೆ ತಿಂಗಳಲ್ಲಿ ಎರಡು ಬದಲಾವಣೆ! ವ್ಯವಸ್ಥೆಯನ್ನು ಬಿಟ್ಟು ಬೇರೆಯದಕ್ಕೆ ಹೋಗುವ ದಿನ ಹಳೆಯ ಲೆಕ್ಕಗಳು ನಮ್ಮ ಕೈಗೆ ಸಿಗುತ್ತವೆಯೇ ಎಂಬುದೂ ಒಪ್ಪಂದದಲ್ಲಿರಲಿ.

ಅಚ್ಚಾದ ಬಿಲ್ಲನ್ನು ರದ್ದು ಮಾಡುವ ಅಧಿಕಾರ ಯಾರಿಗೆ, ರದ್ದಾದದ್ದು ಎಲ್ಲಿ ದಾಖಲಾಗುತ್ತದೆ ಎನ್ನುವುದು ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅಮೆರಿಕದ ಕನೆಕ್ಟಿಕಟ್‌ನ ಹೆಸರಾಂತ ಹಾಲು-ದಿನಸಿ ಮಳಿಗೆಯೊಂದರ ಮಾಲೀಕ 1993ರಲ್ಲಿ ತೆರಿಗೆ ವಂಚನೆಯ ತಪ್ಪೊಪ್ಪಿಕೊಂಡ. ಅವನ ಮಳಿಗೆಯಲ್ಲಿ ಸುಮಾರು 1 ಕೋಟಿ 70 ಲಕ್ಷ ಡಾಲರ್ ಮಾರಾಟವನ್ನು ಲೆಕ್ಕದಿಂದ ಅಳಿಸಲು ಕಂಪ್ಯೂಟರ್ ತಂತ್ರಾಂಶವನ್ನೇ ಬಳಸಿದ್ದರು. ಗುಮಾಸ್ತನ ಮೇಲಿನ ಅನುಮಾನದಿಂದ ಹುಟ್ಟಿದ ಯಂತ್ರ ಇಲ್ಲಿ ಧಣಿಯ ಕಳ್ಳತನಕ್ಕೆ ಕೈಜೋಡಿಸಿತ್ತು. ಅದೇ ರದ್ದತಿಯ ದಾಖಲೆ ಸರಿಯಾಗಿದ್ದರೆ, ರಾತ್ರಿ ಗಲ್ಲಾದಲ್ಲಿ ಇನ್ನೂರು ರೂಪಾಯಿ ಕಡಿಮೆ ಬಂದಾಗ ಪಾಳಿಯ ಕ್ಯಾಷಿಯರು "ನನ್ನ ಹೊತ್ತಿನದಲ್ಲ, ನೋಡಿ ಸ್ವಾಮಿ" ಎಂದು ಚೀಟಿ ತೋರಿಸಬಹುದು. ಅವರ ಸಂಬಳಕ್ಕೆ ಕತ್ತರಿ ಬೀಳುವುದಿಲ್ಲ.